ನಾ ಇನ್ನ ಹೋಗಿಲ್ಲರಿ

ಒಂದು ವರ್ಷಕ್ಕೆಂದು ಪರದೇಶಕ್ಕೆ ಬಂದವರು ಕಡೆಯ ವಾರಗಳಲ್ಲಿ ಏನು ಮಾಡುತ್ತಾರೆ? ಆಗ್ರಾಕ್ಕೆ ಹೋಗಿ ತಾಜಮಹಲಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಾರಮಿನಾರಿನ ಬಗಲಿನ ಓಣಿಯಲ್ಲಿ ಬಳೆ ಕೊಳ್ಳುತ್ತಾರೆ. ಚೀಲ ಭಾರವಾಯಿತೆಂದು ಎರಡು ಸೀರೆ ಹೊರಗಿಟ್ಟು, ಮನಸ್ಸು ತಡೆಯದೆ ಮತ್ತೆ ಒಂದನ್ನು ಒಳಗೆ ತುರುಕುತ್ತಾರೆ. ಕರ್ನಾಟಕದ ಗಡಿಯಾಚೆಯ ಜಹೀರಾಬಾದಿನಲ್ಲಿ ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿ ಒಂದು ವರ್ಷ ಇದ್ದ ಕೀನ್ಯಾದ ಹೆಂಗಸು ಇದ್ಯಾವುದನ್ನೂ ಮಾಡಲಿಲ್ಲ. ಆಕೆ ಕಡೆಯ ವಾರಗಳಲ್ಲಿ ನಮ್ಮ ಭಾವನವರ ಜೊತೆ ಜಗಳ ತೆಗೆದಳು.

ಆಕೆಯ ಹೆಸರು ನಾನು ಬರೆಯುವುದಿಲ್ಲ. ವರ್ಷಪೂರ್ತಿ ನಾವ್ಯಾರೂ ಒಂದು ದಿನವೂ ಅದನ್ನು ಸರಿಯಾಗಿ ಉಚ್ಚರಿಸಲಿಲ್ಲ, ಈಗ ಬರೆದು ಇನ್ನಷ್ಟು ಕೆಡಿಸುವುದೇಕೆ? ನಮ್ಮ ಅತ್ತೆ ಮೊದಲ ದಿನವೇ ಆ ತೊಂದರೆ ಬಗೆಹರಿಸಿಬಿಟ್ಟಿದ್ದರು. “ಏ ಕೀನ್ಯಾ, ಬಾ ಇಲ್ಲಿ” ಅಂದರು. ಆಕೆ ಬಂದಳು. ಮುಗಿಯಿತು.

ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಸಂಘವೊಂದು ಆಕೆಯನ್ನು ಕರೆಸಿಕೊಂಡಿತ್ತು. ಆಕೆ ತನ್ನ ದೇಶದ ಪಡುವಣ ಭಾಗದಲ್ಲಿ, ಸಮುದ್ರದಂಥ ಒಂದು ಸರೋವರದ ದಂಡೆಯ ಊರುಗಳಲ್ಲಿ, ರೈತ ಹೆಂಗಸರಿಗೆ ಬೇಸಾಯದ ಪಾಠ ಹೇಳುವವಳು. ನಮ್ಮವರು ಒಂದೇ ಹೊಲದಲ್ಲಿ ಜೋಳ, ಕಡಲೆ, ಕುಸುಬೆ ಹೇಗೆ ಹೊಂದಿಸುತ್ತಾರೆ, ಬೀಜ ಹೇಗೆ ಕಾಯ್ದಿಡುತ್ತಾರೆ ಎಂದು ನೋಡಿ ಕಲಿಯಲು ಬಂದಿದ್ದಳು. ನಾನು ಕನ್ನಡ ಶಾಲೆಯ ಟೀಚರು, ಮುರುಕು ಇಂಗ್ಲಿಷು ಬರುತ್ತದೆ, ಮಾಳಿಗೆಯ ಮೇಲೆ ಒಂದು ಖೋಲಿ ಖಾಲಿ ಇತ್ತು. ಹೀಗಾಗಿ ಸಂಘದವರು ನಮ್ಮ ಮನೆಗೇ ತಂದು ಬಿಟ್ಟರು. ಮನೆಯಲ್ಲಿ ಇದ್ದವರು ನಾನು ಮತ್ತು ಅತ್ತೆ, ಇಬ್ಬರೇ. ನನ್ನ ಗಂಡ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಮಾವನವರು ಹೋದದ್ದಂತೂ ನಾನು ಸೊಸೆಯಾಗಿ ಬರುವುದಕ್ಕೂ ಮೊದಲು.

ನಲವತ್ತು ದಾಟಿದ ಹೆಂಗಸು, ನನ್ನ ಹಾಗೇ ಗಂಡ ತೀರಿಕೊಂಡವಳು, ನಮ್ಮ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಗಂಡಸರ ಹಾಗೆ ಕತ್ತರಿಸಿದ ಕೂದಲು. ಅತ್ತೆ ಆಕೆಯನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಅಯ್ಯ ಶಿವನೇ, ಈಕಿಗಿ ಎಷ್ಟ ರೊಟ್ಟಿ ಬೇಕಾಗ್ತಾವೋ!” ಎಂದರು. ಆಕೆ ತಿಂದದ್ದು ಎರಡು. ಮರುದಿನದಿಂದ ಅತ್ತೆಯ ದೂರು ತಿರುಗಿತು. “ಏನ್ ಹೆಣ್ಣಿದು, ಹಕ್ಕಿ ತಿಂದಾಂಗ ತಿಂತದ. ಮಂದಿ ನನಗ ಅಂತಾರ, ಮುದುಕಿ ಉಪಾಸ ಕೆಡವ್ಯಾಳಂತ.”

ಭಾಷೆಯನ್ನು ಆಕೆ ಪುಸ್ತಕದಿಂದ ಕಲಿಯಲಿಲ್ಲ, ಅತ್ತೆಯಿಂದ ಮತ್ತು ಸಂಘದ ಹೆಂಗಸರಿಂದ ಕಲಿತಳು. ಅದು ಯಾವ ಭಾಷೆ ಎಂದು ಕೇಳಬೇಡಿ. ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಹೊರಳಿ ಉರ್ದುವಿನಲ್ಲಿ ಮುಗಿಯುತ್ತದೆ, ಯಾರಿಗೂ ಏನೂ ಅನಿಸುವುದಿಲ್ಲ. ಆಕೆಗೂ ಅನಿಸಲಿಲ್ಲ. ದೊಡ್ಡವರಿಗೆ ‘ರಿ’ ಹಚ್ಚಿ ಮಾತಾಡಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ಯಾರು ದೊಡ್ಡವರು, ಯಾರು ಸಣ್ಣವರು ಎಂದು ಲೆಕ್ಕ ಹಾಕುವ ಉಸಾಬರಿಯೇ ಬೇಡವೆಂದು ಆಕೆ ಎಲ್ಲದಕ್ಕೂ ಹಚ್ಚಿದಳು. ಓಣಿಯಲ್ಲಿ ಅಡ್ಡ ನಿಂತ ಎಮ್ಮೆಗೆ “ಜರಾ ಸರೀರಿ” ಅನ್ನುವಳು. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೆ “ನಾಚಿಕಿ ಬರಂಗಿಲ್ಲೇನ್ರಿ ನಿಮಗ?” ಎಂದು ಗದರುವಳು. ಓಣಿಯ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಬೆಕ್ಕು ಮಾಡಿದ್ದು ತಪ್ಪೇ ಅಲ್ಲವೇ?

ಜಗಳಕ್ಕೆ ನಿಲ್ಲುವ ಮೊದಲು ಆಕೆ ಒಮ್ಮೆ ಚಪ್ಪಾಳೆ ತಟ್ಟುತ್ತಿದ್ದಳು. ಒಂದೇ ಒಂದು ಸಲ, ಗಟ್ಟಿಯಾಗಿ, ಹಿಟ್ಟು ಕೊಡವಿಕೊಂಡ ಹಾಗೆ. ಆ ಸದ್ದು ಕೇಳಿದರೆ ಅತ್ತೆ ಅಡಿಗೆ ಮನೆಯಿಂದಲೇ “ಯಾರ ಸುದ್ದಿ ತೆಗೀತಾಳೋ ಇವತ್ತ” ಎನ್ನುತ್ತಿದ್ದರು.

ವರ್ಷ ಮುಗಿಯುತ್ತ ಬಂದಾಗ ಒಂದು ವಿಚಿತ್ರ ಶುರುವಾಯಿತು. ಜನವರಿ ಕಡೆಗೆ ಆಕೆಯ ವಿಮಾನ ಎಂದು ಓಣಿಗೆಲ್ಲ ಗೊತ್ತಾದ ಕೂಡಲೇ ಜನ ಆಕೆ ಆಗಲೇ ಹೋಗಿಬಿಟ್ಟ ಹಾಗೆ ಮಾತಾಡತೊಡಗಿದರು. ಎದುರು ಮನೆಯವರು ಮಂಚ ಕೇಳಿದರು. ಸಂಘದ ಕಚೇರಿಯಲ್ಲಿ ಸಭೆಗೆ ಕರೆಯುವುದನ್ನು ಬಿಟ್ಟರು, “ನೀವು ಹೆಂಗೂ ಹೋಗೋರು” ಅಂದರು. ಅತ್ತೆಯ ಕಣ್ಣು ಆಕೆಯ ಸ್ಟೀಲಿನ ಬಕೀಟಿನ ಮೇಲಿತ್ತು. ಬಿಗಿಯಾದ ಮುಚ್ಚಳದ ದೊಡ್ಡ ಬಕೀಟು, ಆಕೆ ನಾರಾಯಣಖೇಡದ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು. “ಏ ಕೀನ್ಯಾ, ಹೋಗಾಗ ಬಕೀಟ ಯಾರಿಗಿ ಕೊಡ್ತಿ?” ಎಂದು ದಿನ ಬಿಟ್ಟು ದಿನ ಕೇಳುವರು.

ಎಲ್ಲರಿಗೂ ಆಕೆಯ ಉತ್ತರ ಒಂದೇ. “ನಾ ಇನ್ನ ಹೋಗಿಲ್ಲರಿ.”

ಮೊದಮೊದಲು ಇದನ್ನು ನಗುತ್ತ ಹೇಳುತ್ತಿದ್ದಳು. ಆಮೇಲೆ ಚಪ್ಪಾಳೆ ತಟ್ಟಿ ಹೇಳತೊಡಗಿದಳು. ಸಂಘದವರು ಪ್ರೀತಿಯಿಂದಲೇ ದಿಲ್ಲಿ, ಆಗ್ರಾ, ಜೈಪುರ ಎಂದು ಒಂದು ಪ್ರವಾಸ ಗೊತ್ತು ಮಾಡಿದ್ದರು. ವರ್ಷಪೂರ್ತಿ ದುಡಿದಿದ್ದಾಳೆ, ಕಡೆಗಾದರೂ ನಮ್ಮ ದೇಶ ನೋಡಲಿ ಎಂದು. ಆಕೆ ಕೇಳಿದಳು. “ತಾಜಮಹಲದಾಗ ನನ್ನ ಗುರ್ತ ಯಾರ ಅದಾರ್ರಿ?”  ಪ್ರವಾಸ ರದ್ದಾಯಿತು.

ಅದರ ಬದಲು ಆಕೆ ಹೋದದ್ದು ತಾಂಡೂರಿಗೆ. ನಗಬೇಡಿ. “ವರ್ಷಪೂರ್ತಿ ಈ ಕಲ್ಲಿನ ಮ್ಯಾಲ ಅಡ್ಡಾಡೀನಿ. ಅದರ ತವರಮನಿ ನೋಡದ ಹೋಗಬೇಕೇನ್ರಿ?” ಎಂದು ನಮ್ಮ ಪಡಸಾಲೆಯ ನೆಲಹಾಸನ್ನು ಅಂಗಾಲಿನಿಂದ ತಟ್ಟಿ ತೋರಿಸಿದಳು. ರವಿವಾರ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ಮಹಾಶಯ ಫೋನು ಹಿಡಿದು ಬಂದು, ಕೇಳದೆಯೇ ಆಕೆಯ ಬಗಲಿಗೆ ಮುಖ ತಂದ. ಇದು ಆಕೆಗೆ ಹೊಸದಲ್ಲ. ಆಕೆ ಒಂದು ನೇಮ ಮಾಡಿಕೊಂಡಿದ್ದಳು.

“ಒಂದ ಫೋಟೋಕ್ಕ ಒಂದ ಪ್ರಶ್ನಿ. ಕೇಳಲೇನ್ರಿ?”

“ಕೇಳ್ರಿ ಮೇಡಂ, ಕೇಳ್ರಿ” ಎಂದು ಆತ ಖುಷಿಪಟ್ಟ.

“ನಿಮ್ಮ ಮನ್ಯಾಗ ಮುಂಜಾನಿ ಎಲ್ಲರಕಿಂತ ಮದಲ ಯಾರ ಏಳತಾರ್ರಿ?”

“ನನ್ನ ಹೇಣ್ತಿ.”

“ರಾತ್ರಿ ಎಲ್ಲರಕಿಂತ ಕಡೀಕ ಯಾರ ಮಲಗತಾರ್ರಿ?”

“ಆಕಿನೇ...” ಎಂದು ಆತ ಬಾಯಿ ತಪ್ಪಿ ಅಂದುಬಿಟ್ಟ.

“ಇದು ಎರಡನೇ ಪ್ರಶ್ನಿ ಆತು. ಇನ್ನೊಂದ ಫೋಟೋ ತಕ್ಕೋರಿ.”

ಕಂಡಕ್ಟರು ನಕ್ಕಿದ್ದಕ್ಕೆ ಟಿಕೀಟು ಹರಿಯುವುದೇ ನಿಂತಿತು. ಹಿಂದಿನ ಸೀಟಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಆ ಮಹಾಶಯ ಮುಂದಿನ ಸ್ಟಾಪಿನಲ್ಲಿ ಇಳಿದ. ಅದು ಅವನ ಊರೋ ಅಲ್ಲವೋ ದೇವರಿಗೇ ಗೊತ್ತು.

ತಾಂಡೂರಿನಲ್ಲಿ ಕಲ್ಲಿನ ಖಣಿಯ ಅಂಚಿಗೆ ನಿಂತು ಬಹಳ ಹೊತ್ತು ನೋಡಿದಳು. ಪದರ ಪದರವಾಗಿ ಎಬ್ಬಿಸುವುದು, ಮಶೀನಿಗೆ ಕೊಟ್ಟು ಕೊಯ್ಯುವುದು, ನೀರು ಬಿಟ್ಟು ಪಾಲಿಶ್ ಮಾಡುವುದು. ಅಲ್ಲಿನ ಕೂಲಿ ಹೆಂಗಸರ ಜೊತೆ ಕೂತು ಬುತ್ತಿ ಉಂಡಳು. ಬರುವಾಗ ಅಂಗೈಯಗಲದ ಐದು ಕಲ್ಲಿನ ಚೂರು ಕೇಳಿ ತಂದಿದ್ದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರು ಎಂದು ಪೂಜಿಸುತ್ತೇವಲ್ಲ, ಅದಕ್ಕಂತೆ. ಅತ್ತೆ ಹಣೆ ಹಣೆ ಬಡಿದುಕೊಂಡರು. “ಹುಚ್ಚಿ, ಪಾಂಡವರು ಹೊಲದಾಗ ಸಿಗಬೇಕು. ತಾಂಡೂರದಾಗ ಪಾಲಿಶ್ ಮಾಡಿಸ್ಕೊಂಡ ಬರ್ತಾರೇನು?”

ಆ ಎಳ್ಳಮಾವಾಸ್ಯೆಯೇ ಜಗಳದ ಮೂಲ.

ಹೊರಗಿನವರಿಗೆ ಹೇಳಬೇಕಾದರೆ, ನಮ್ಮ ಬೀದರ, ಕಲಬುರಗಿ, ಜಹೀರಾಬಾದು ಕಡೆ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. ಬಿಳಿಜೋಳ ಎದೆಯೆತ್ತರ ನಿಂತು ತೆನೆ ಕಟ್ಟುವ ಹೊತ್ತು. ಭೂಮಿ ಬಸುರಿ. ಬಸುರಿಗೆ ಬಯಕೆ ತೀರಿಸಬೇಕಲ್ಲ. ಕಾಳು, ತೊಪ್ಪಲು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಕಡಬು, ಹುಳಿಯಾದ ಅಂಬಲಿ, ಎಲ್ಲ ಹೊಲಕ್ಕೆ ಹೋಗುತ್ತವೆ. ಪಾಂಡವರ ಪೂಜೆಯಾದ ಮೇಲೆ ಆ ಅಡಿಗೆಯನ್ನು ಅಂಬಲಿಯಲ್ಲಿ ಕಲಸಿ ಹೊಲದ ತುಂಬ ಎರಚುತ್ತ ಹೋಗುತ್ತಾರೆ. ಅದೇ ಚರಗ. ಒಬ್ಬರಿಂದ ಆಗುವ ಕೆಲಸವಲ್ಲ. ಮುಂದಿನವರು ಎರಚುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು, ಹಿಂದಿನವರು “ಸಲಾಂಬ್ರಿಗೋ” ಎಂದು ಓಗೊಡಬೇಕು. ಊರೂರಿಗೆ ಕೂಗು ಬೇರೆ, ನಮ್ಮ ಮನೆಯ ಕೂಗು ಇದು. ಅರ್ಥ ಕೇಳಿದರೆ ಯಾರೂ ಹೇಳುವುದಿಲ್ಲ, ಕೂಗುವುದನ್ನು ಯಾರೂ ಬಿಡುವುದೂ ಇಲ್ಲ.

ನಮ್ಮ ಹೊಲ ನಾಗಲಗಿದ್ದದ ಹತ್ತಿರ, ಕರ್ನಾಟಕದ ಗಡಿಗೆ ಕೂಗಳತೆಯಲ್ಲಿ. ನನ್ನ ಗಂಡನ ಪಾಲು ಒಡ್ಡಿನ ಈಚೆ, ಅವರ ಅಣ್ಣ, ಅಂದರೆ ನಮ್ಮ ಭಾವನವರ ಪಾಲು ಆಚೆ. ಗಂಡ ಹೋದ ಮೇಲೆ ಎರಡನ್ನೂ ಭಾವನವರೇ ಮಾಡಿಸುತ್ತಿದ್ದರು. ಹಬ್ಬದ ದಿನ ನಾನೂ ಹೋಗುತ್ತಿದ್ದೆ. ನಸುಕಿನಲ್ಲಿ ಎದ್ದು ಭಜ್ಜಿ ಕುದಿಸಿ, ರೊಟ್ಟಿ ಬಡಿದು, ಗಂಟು ಕಟ್ಟಿ ಒಯ್ದು, ಬೇವಿನ ಗಿಡದ ಕೆಳಗೆ ಪಾತ್ರೆ ಕಾಯುತ್ತ ಕೂಡುತ್ತಿದ್ದೆ. ಪೂಜೆಗೆ ಮುತ್ತೈದೆ ಬೇಕು. ಚರಗಕ್ಕೆ ಗಂಡಸು ಬೇಕು. ಭಜ್ಜಿ ನನ್ನ ಕೈಯದು, ಹೊಲ ನನ್ನ ಗಂಡನದು, ಚರಗ ಮಾತ್ರ ಭಾವನವರದು! ಕೊರಳಲ್ಲಿ ಲಿಂಗ ಕಟ್ಟಿಕೊಂಡು ನಮಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಹೇಳಿಕೊಳ್ಳುವ ಜನ ನಾವು. ಗಂಡ ಸತ್ತವಳ ಕೈ ಮಾತ್ರ ಹೊಲಕ್ಕೆ ಆಗಿಬರುವುದಿಲ್ಲ.

ಆ ವರ್ಷ ಭಾವನವರು ನಮ್ಮ ತುಂಡನ್ನು ಪಾಳು ಬಿಡುತ್ತೇನೆ ಎಂದಿದ್ದರು. ಎತ್ತು ಒಂದೇ ಜೊತೆ, ಆಳು ಸಿಗುವುದಿಲ್ಲ ಎಂದು. ಸಂಘದ ಹೆಂಗಸರು ನಾವು ಬಿತ್ತುತ್ತೇವೆ ಅಂದರು, ನಾನು ಹೂಂ ಅಂದೆ. ಎರಡು ದಿನದ ಮಟ್ಟಿಗೆ ಎತ್ತನ್ನು ಮಾತ್ರ ಭಾವನವರೇ ಕೊಟ್ಟರು. ಕೂರಿಗೆಯ ಹಿಂದೆ ಕಾಳು ಬಿಡುತ್ತ ಆ ಹೊಲವನ್ನು ಬಿತ್ತಿದವಳು ಕೀನ್ಯಾದಾಕೆ. ಸುಗ್ಗಿ ಫೆಬ್ರವರಿಗೆ, ಆಕೆಯ ವಿಮಾನ ಜನವರಿಗೆ. ಬಿತ್ತಿದ್ದನ್ನು ಕೊಯ್ಯುವ ಯೋಗ ಆಕೆಗಿರಲಿಲ್ಲ.

ಹಬ್ಬಕ್ಕೆ ವಾರವಿರುವಾಗ ಭಾವನವರು ಮನೆಗೆ ಬಂದರು. ಚಹಾ ಕೊಟ್ಟೆ. ಭಾವನವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ನನ್ನ ಗಂಡನನ್ನು ಹೈದರಾಬಾದಿನ ದವಾಖಾನೆಗೆ ಹೊತ್ತುಕೊಂಡು ತಿರುಗಿದವರು ಅವರೇ. ಚಹಾ ಮುಗಿಸಿ, “ಈ ಸಲಾನೂ ಚರಗ ಎರಡೂ ಹೊಲಕ್ಕ ನಾನs ಚೆಲ್ತೀನಿ. ನೀವ್ ಜಲ್ದಿ ಬರ್ರಿ” ಎಂದರು.

ಮೆಟ್ಟಿಲ ಮೇಲಿಂದ ಚಪ್ಪಾಳೆ ಕೇಳಿಸಿತು.

“ಆ ಹೊಲ ನಾ ಬಿತ್ತೀನಲ್ರಿ” ಎನ್ನುತ್ತ ಕೆಳಗಿಳಿದು ಬಂದಳು. “ಅದಕ್ಕ ಉಣಸೋದು ನಾನೂ ಅಕ್ಕೋರೂ. ನೀವು ನಿಮ್ಮ ಹೊಲಕ್ಕ ಉಣಸ್ರಿ.” ಅಕ್ಕೋರು ಎಂದರೆ ನಾನು, ಟೀಚರಲ್ಲವೇ.

ಭಾವನವರು ನಕ್ಕರು. “ನೀವ್ ಹೋಗೋ ಮಂದಿ. ನಿಮಗ್ಯಾಕ್ರಿ ಈ ಪರೇಶಾನಿ?”

“ನಾ ಇನ್ನ ಹೋಗಿಲ್ಲರಿ.”

ಭಾವನವರ ನಗೆ ಹೋಯಿತು. ನನ್ನ ಕಡೆ ತಿರುಗಿ, ಆಕೆ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ, “ಹೊರಗಿನಾಕಿ, ಅದ್ರಾಗ ಗಂಡ ಸತ್ತಾಕಿ. ನೀವೂ ಹಂಗs. ಇಬ್ಬರೂ ಕೂಡಿ ಬಸುರಿ ಹೊಲದಾಗ ತಿರಗಿದ್ರ ಬೆಳಿ ಕೈಗಿ ಹತ್ತತದೇನು?” ಎಂದರು.

ನನ್ನ ಮೈ ಉರಿಯಿತು.  ಮಾತಾಡಿದವಳು ಆಕೆ. “ಬಿತ್ತಾಗ ನನಗ ಗಂಡ ಇದ್ದನೇನ್ರಿ? ಜ್ವಾಳ ಹುಟ್ಟ್ಯಾವಲ್ರಿ, ಇಷ್ಟೆತ್ತರ! ಹುಟ್ಟೋ ಮುಂದ ಅವು ಕೇಳಲಿಲ್ಲ. ಈಗ್ಯಾಕ ಕೇಳತಾವ?”

ಭಾವನವರು ಎದ್ದು ನಿಂತರು. “ಆತು. ನೀವs ಚೆಲ್ಲಕೋರಿ. ಮುಂದಿನ ವರ್ಷ ನನ್ನ ಎತ್ತು ಆ ಒಡ್ಡ ದಾಟಂಗಿಲ್ಲ. ಕೀನ್ಯಾದಿಂದ ಎತ್ತ ತರಸ್ರಿ.” ಚಪ್ಪಲಿ ಮೆಟ್ಟಿ ಹೊರಟೇ ಹೋದರು. ಎತ್ತು ಬರುವುದಿಲ್ಲ ಎಂದರೆ ಏನೆಂದು ಒಕ್ಕಲುತನದವರಿಗೆ ಹೇಳಬೇಕಿಲ್ಲ. ಎರಚುವ ಅಂಬಲಿಗಾಗಿ ಹೊಲವನ್ನೇ ಪಾಳು ಕೆಡವಿಕೊಳ್ಳುವ ಮಾತು ಅದು.

ಅತ್ತೆ ಒಳಗಿಂದ ಬಂದು ಇಬ್ಬರಿಗೂ ಝಾಡಿಸಿದರು. “ನಲವತ್ತ ವರ್ಷ ಆತು ನನ್ನ ಗಂಡ ಹೋಗಿ. ಒಂದ ದಿನ ನಾ ಪೂಜಿ ಮುಂದ ನಿಂತೀನೇನು? ಹೊಲ ಮುನಿದ್ರ ಯಾರ ಹೊಣಿ? ನಾ ಈ ಸಲ ಬರಂಗಿಲ್ಲ. ನೀವs ಸಾಯ್ರಿ.” ಅಂದು ಸಂಜೆ ಅವರು ಬಕೀಟಿನ ಮಾತನ್ನೂ ಎತ್ತಲಿಲ್ಲ.

ನನಗೆ ಧೈರ್ಯ ಸಾಲಲಿಲ್ಲ. ಮರುದಿನ ಮಧ್ಯಾಹ್ನ ಮಾಳಿಗೆಯ ಬಿಸಿಲಲ್ಲಿ ಶೇಂಗಾ ಸುಲಿಯುತ್ತ ಕೂತಾಗ ಆಕೆಗೆ ಹೇಳಿದೆ. ನೀವು ಹೋಗಿಬಿಡುತ್ತೀರಿ, ನಾನು ಇಲ್ಲೇ ಇರುವವಳು, ಭಾವನವರ ಮುಖ ನೋಡುತ್ತ ಬಾಳುವವಳು, ಈ ವರ್ಷ ಬಿಟ್ಟುಬಿಡೋಣ ಎಂದು. ಆಕೆ ಚಪ್ಪಾಳೆ ತಟ್ಟಲಿಲ್ಲ. ಶೇಂಗಾದ ಸಿಪ್ಪೆ ಉಫ್ ಎಂದು ಊದಿದಳು.

“ನಮ್ಮ ಕಡಿ ಗಂಡ ಸತ್ತಾಕಿ ಮದಲ ಬೀಜ ಹಾಕಂಗಿಲ್ಲರಿ” ಎಂದಳು. “ಗಂಡನ ಕುಲದಾವ ಯಾವನರೆ ಒಬ್ಬ ಆಕಿನ್ನ ಇಟಗೋಬೇಕು. ಆಮ್ಯಾಲ ಆಕಿ ಹೊಲಕ್ಕ ಇಳೀಬೇಕು. ಇಲ್ಲಂದ್ರ ಬೆಳಿ ಹೋಗತದ, ಮಕ್ಕಳು ಸಾಯ್ತಾವ ಅಂತಾರ.”

“ನೀವೇನ್ ಮಾಡಿದ್ರಿ?”

“ಮಳಿ ಬಂತು. ಎಲ್ಲಾರೂ ಮಲಗಿದ್ರು. ಹೋಗಿ ಬಿತ್ತಿಬಿಟ್ಟೆ.”

“ಆಮ್ಯಾಲ?”

“ನಮ್ಮ ಅತ್ತಿ ಮೂರ ವರ್ಷ ನನ್ನ ಕೂಡ ಮಾತಾಡಲಿಲ್ಲರಿ. ಆ ಜ್ವಾಳ ಮಾತ್ರ ಉಂಡಳು.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಆಕೆ ನನ್ನ ಮುಖ ನೋಡಿದಳು. “ಅಕ್ಕೋರ, ಈ ಮಂದಿ ನನ್ನ ಮಂಚ ಕೇಳತಾರ, ಬಕೀಟ ಕೇಳತಾರ. ನಾ ಇಲ್ಲೇ ಕುಂತೀನಿ, ನನ್ನ ಮುಂದs ಹೋದಾಕಿ ಅಂತ ಮಾತಾಡತಾರ. ಎರಡ ವಾರದಾಗ ನನಗ ಎಷ್ಟ ಸಿಟ್ಟ ಬರತದ ನೋಡ್ರಿ. ನಿಮ್ಮ ಗಂಡ ಹೋದ ದಿನದಿಂದ ನಿಮಗ ಹಿಂಗs ಮಾಡ್ಯಾರಲ್ರಿ. ಹೋದಾವ ಅವ. ನೀವು ಇನ್ನ ಹೋಗಿಲ್ಲರಿ.”

ನನಗೆ ಅಳು ಬಂತು. ಅದನ್ನು ಮುಚ್ಚಿಡುವುದೇಕೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ನನ್ನ ಪಾಲಿನ ಶೇಂಗಾವನ್ನೂ ಸುಲಿದು ಮುಗಿಸಿದಳು.

ಹಬ್ಬದ ದಿನ ಭಜ್ಜಿ ನಾನೇ ಕುದಿಸಿದೆ. ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಅಂಬಲಿಗೆ ಉಪ್ಪು ಕಡಿಮೆಯಾಗಿದೆ ಎಂದು ಮಾತ್ರ ಅಲ್ಲಿಂದಲೇ ಕೂಗಿ ಹೇಳಿದರು, ನೋಡದೆಯೇ. ನೋಡಿದರೆ ನಿಜಕ್ಕೂ ಕಡಿಮೆಯಾಗಿತ್ತು. ಕೀನ್ಯಾದಾಕೆ ತನ್ನ ಬಕೀಟು ತೊಳೆದು ತಂದಳು. ಅಂಬಲಿ ಅದರಲ್ಲಿ ತುಂಬಿ ಮುಚ್ಚಳ ಒತ್ತಿ, ನಾರಾಯಣಖೇಡದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ಹೋದೆವು. ಒಂದು ಹನಿ ಚೆಲ್ಲಲಿಲ್ಲ.

ಒಡ್ಡಿನ ಆಚೆ ಭಾವನವರ ಮನೆಮಂದಿಯೆಲ್ಲ ನೆರೆದಿದ್ದರು. ಈಚೆ ನಾವಿಬ್ಬರೇ. ಸಂಘದ ಹೆಂಗಸರಿಗೆ ಅವರವರ ಹೊಲಗಳಿದ್ದವು, ಹಬ್ಬದ ದಿನ ಯಾರು ಯಾರ ಹೊಲಕ್ಕೆ ಬರುತ್ತಾರೆ? ಐದು ಕಲ್ಲು ಹೊಲದಲ್ಲೇ ಆರಿಸಿ ಸುಣ್ಣ ಹಚ್ಚಿದೆ. ತಾಂಡೂರಿನ ಪಾಲಿಶ್ ಕಲ್ಲುಗಳನ್ನು ಅವುಗಳ ಕೆಳಗೆ ಹಾಸಿದಳು. “ಪಾಂಡವರು ಕುಂಡ್ರಲಿ, ಚಾಪಿ ಇರಲಿ” ಅಂದಳು. ನಾನು ಪೂಜೆ ಮಾಡಿದೆ. ವಿಭೂತಿ ಹಚ್ಚಿದೆ, ಎಡೆ ಹಿಡಿದೆ. ಗುಡುಗಲಿಲ್ಲ, ಸಿಡಿಯಲಿಲ್ಲ.

ಚರಗಕ್ಕೆ ಎದ್ದೆ. ಒಡ್ಡಿನ ಆಚೆ ಎಲ್ಲರೂ ಉಣ್ಣುವುದು ಬಿಟ್ಟು ನಿಂತು ನೋಡುತ್ತಿದ್ದರು. ಬಕೀಟು ಕಂಕುಳಲ್ಲಿ, ಕೈ ಅಂಬಲಿಯಲ್ಲಿ. ಬಾಯಿ ತೆರೆದರೆ ಗಾಳಿ ಬರುತ್ತದೆ, ಸದ್ದು ಬರುವುದಿಲ್ಲ. ಶಾಲೆಯಲ್ಲಿ ಇಡೀ ವರಾಂಡಕ್ಕೆ ಕೇಳುವ ಹಾಗೆ ಮಗ್ಗಿ ಹೇಳಿಸುವ ಹೆಂಗಸು ನಾನು!

ಹಿಂದಿನಿಂದ ಆಕೆಯ ದನಿ ಬಂತು. “ಕೂಗ್ರಿ ಅಕ್ಕೋರ. ನಾ ಹಿಂದ ಇದ್ದೀನಿ.”

“ಹುಲ್ಲುಲ್ಲಿಗೋ” ಎಂದೆ. ಸಣ್ಣಗೆ ಬಂತು.

“ಸಲಾಂಬ್ರಿಗೋ!” ಎಂದು ಆಕೆ ಹಿಂದೆ ಅಬ್ಬರಿಸಿದ ರಭಸಕ್ಕೆ ಜೋಳದೊಳಗಿನ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಆಮೇಲೆ ನನ್ನ ದನಿಯನ್ನು ಹಿಡಿಯುವವರಿರಲಿಲ್ಲ. ಬದುವಿನಗುಂಟ ನಾಲ್ಕೂ ಕಡೆ ತಿರುಗಿದೆವು. ಭಾವನವರ ಒಡ್ಡಿನ ಹತ್ತಿರ ಬಂದಾಗ ಬೇಕಂತಲೇ ಇನ್ನಷ್ಟು ಗಟ್ಟಿಯಾಗಿ ಕೂಗಿದೆ. ಅವರು ಆಕಾಶ ನೋಡುತ್ತ ನಿಂತಿದ್ದರು. ಅವರ ಹೆಂಡತಿ, ನಮ್ಮ ನೆಗೆಣ್ಣಿ, ಯಾರಿಗೂ ಕಾಣದಂತೆ ಒಂದು ಶೇಂಗಾ ಹೋಳಿಗೆ ಒಡ್ಡಿನ ಮೇಲಿಟ್ಟು ಹೋದಳು.

ಹೋಗುವ ದಿನ ಆಕೆ ಅಳಲಿಲ್ಲ. ಕಚೇರಿಯವರು ಹೊದಿಸಿದ ಶಾಲನ್ನು ತಲೆಗೆ ರುಮಾಲಿನ ಹಾಗೆ ಸುತ್ತಿಕೊಂಡು ಬಸ್ಸು ಹತ್ತಿದಳು. ಹತ್ತುವ ಮೊದಲು ಅತ್ತೆಯ ಮುಂದೆ ಬಕೀಟು ಇಟ್ಟು, “ಅವ್ವಾ, ಈಗ ಹೊಂಟೀನ್ರಿ. ಈಗ ತಕ್ಕೋರಿ” ಅಂದಳು. ಅತ್ತೆ ಬಕೀಟು ಮುಟ್ಟಲಿಲ್ಲ. ಆಕೆಯ ಗಲ್ಲ ಸವರಿ ಲಟಿಕೆ ಮುರಿದರು. “ಹೊಂಟೀನಿ ಅನಬಾರದು ಹುಚ್ಚಿ, ಬರ್ತೀನಿ ಅನಬೇಕು” ಎಂದು ಬೈದರು.

ಫೆಬ್ರವರಿಯಲ್ಲಿ ಜೋಳ ಬಂತು. ಸುತ್ತಲಿನ ಹೊಲಗಳಿಗೆ ಹೇಗೆ ಬಂತೋ ಹಾಗೇ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊಲಕ್ಕೆ ಯಾರ ಗಂಡ ಸತ್ತದ್ದೂ ಗೊತ್ತಿದ್ದಂತಿರಲಿಲ್ಲ. ಭಾವನವರು ಆಡಿದ ಮಾತಿನಂತೆ ಎತ್ತು ಕಳಿಸಲಿಲ್ಲ. ಮುಂದಿನ ಬಿತ್ತನೆಗೆ ಸಂಘದವರ ಎತ್ತು ಬಂದವು, ಕೂರಿಗೆಯ ಹಿಂದೆ ಕಾಳು ಬಿಟ್ಟವಳು ನಾನು. ಸೊಂಟ ಹಿಡಿದುಕೊಂಡು ಎಂಟು ದಿನ ಮಲಗಿದೆ. ಅತ್ತೆ ಎಣ್ಣೆ ತಿಕ್ಕುತ್ತ, “ಮಾಡಕೋ, ಇನ್ನಷ್ಟ ಮಾಡಕೋ” ಎಂದು ಬೈಯುತ್ತಿದ್ದರು.

ಈ ವರ್ಷದ ಎಳ್ಳಮಾವಾಸ್ಯೆಗೆ ಒಬ್ಬಳೇ ಹೊರಟಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಗಂಟು ಎತ್ತುವಾಗ ಅತ್ತೆ ಇಳಕಲ್ಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಕೀಟು. “ಭಜ್ಜಿ ಹ್ಯಾಂಗ ಆಗ್ಯಾದ ನೋಡಾಕ ಬರ್ತೀನಿ. ಮತ್ತೇನಿಲ್ಲ” ಎಂದರು. ಭಜ್ಜಿಯನ್ನು ಮನೆಯಲ್ಲೇ ನೋಡಬಹುದಿತ್ತು. ನಾನು ಬಾಗಿಲಿಗೆ ಕೀಲಿ ಹಾಕಿದೆ.

ಬೇವಿನ ಗಿಡದ ಕೆಳಗೆ ಅವರನ್ನು ಕೂಡಿಸಿ ಪೂಜೆ ಮುಗಿಸಿದೆ. ಬಕೀಟು ತೆಗೆದುಕೊಂಡು ಜೋಳದ ಸಾಲಿಗೆ ಹೋಗಿ ನಿಂತೆ. ಒಡ್ಡಿನ ಆಚೆ ಭಾವನವರು ಇದ್ದರು. ಈ ಸಲ ಹಿಂದೆ ಯಾರೂ ಇರಲಿಲ್ಲ. ಓಗೊಡುವವರಿಲ್ಲದ ಚರಗ ಚರಗವೇ ಅಲ್ಲ, ಅದು ನನಗೂ ಗೊತ್ತು, ಆಚೆ ನಿಂತವರಿಗೂ ಗೊತ್ತು. ಆದರೂ ಕೂಗಿದೆ. ಹಾಳಾಗಿ ಹೋಗಲಿ ಎಂದು ಎದೆ ತುಂಬ ಗಾಳಿ ಎಳೆದು ಕೂಗಿದೆ.

“ಹುಲ್ಲುಲ್ಲಿಗೋ!”

ಎರಚಿದ ಅಂಬಲಿ ಜೋಳದ ಎಲೆಗಳ ಮೇಲೆ ಬಿದ್ದ ಸದ್ದು ಕೇಳಿತು, ಅಷ್ಟೇ. ಮತ್ತೆ ಕೈ ಅದ್ದುವಷ್ಟರಲ್ಲಿ ಹಿಂದಿನಿಂದ, ಬಹಳ ವರ್ಷ ತೆಗೆಯದ ಬಾಗಿಲು ಕಿರುಗುಟ್ಟಿದಂಥ ಒಂದು ದನಿ ಎದ್ದಿತು.

“ಸಲಾಂಬ್ರಿಗೋ!”

ತಿರುಗಿ ನೋಡಿದೆ. ಅತ್ತೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಲೂರಿ ಹೆಂಟೆಗಳ ಮೇಲೆ ಕಾಲಿಡುತ್ತ ನನ್ನ ಹಿಂದೆ ಬರುತ್ತಿದ್ದರು.

“ಏನ್ ನೋಡ್ತಿ ಬಾಯಿ ತೆರಕೊಂಡು? ಮುಂದ ನಡಿ.”

ನಾಲ್ಕೂ ಬದು ತಿರುಗಿದೆವು. ಕಡೆಯ ಬದುವಿನಲ್ಲಿ ನಾನು ಫೋನು ಹೊರತೆಗೆದು ಹಿಡಿದಿಟ್ಟ ಆ ಕೂಗನ್ನು ಸಂಜೆ ಕೀನ್ಯಾಕ್ಕೆ ಕಳಿಸಿದೆ, ಒಂದು ಮಾತೂ ಬರೆಯದೆ. ಸ್ವಲ್ಪ ಹೊತ್ತಿಗೆ ಆಕೆಯ ದನಿ ಬಂತು. ಮೊದಲು ಒಂದು ಚಪ್ಪಾಳೆ, ಆಮೇಲೆ ದೊಡ್ಡ ನಗು, ಆಮೇಲೆ ಮಾತು. “ಅವ್ವಗ ಕೇಳ್ರಿ ಅಕ್ಕೋರ, ಬಕೀಟ ಯಾರಿಗಿ ಕೊಡ್ತಾರಂತ!”

ಅತ್ತೆಗೆ ಕೇಳಿಸಿದೆ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದವರು ಫೋನನ್ನು ನನ್ನ ಕೈಯಿಂದ ಕಸಿದುಕೊಂಡು, ಅದರ ಯಾವ ಕಡೆ ಮಾತಾಡಬೇಕೋ ತಿಳಿಯದೆ ಎರಡೂ ಕಡೆಗೆ ಕೂಗಿದರು.

“ಯಾರಿಗೂ ಕೊಡಂಗಿಲ್ಲ. ನಾ ಇನ್ನ ಹೋಗಿಲ್ಲ!”